ಜಿಲ್ಲೆಯ ನಕ್ಷೆ ಖಾಲಿ, ಊರು ಮಾತ್ರ ಭರ್ತಿ: ಯಾವುದನ್ನು ನಂಬಬೇಕು?

ಓದುಗರ ಪ್ರಶ್ನೆ: ನಾನು ಹೊನ್ನಾವರದವನು, ಸಣ್ಣ ಜೆರಾಕ್ಸ್ ಅಂಗಡಿ ಇದೆ. ಮಗಳು ದ್ವಿತೀಯ ಪಿಯುಸಿ, ಕಲಾ ವಿಭಾಗ. ಭೂಗೋಳದ ಪ್ರಾಜೆಕ್ಟಿಗೆ 2011ರ ಜನಗಣತಿ ಇಟ್ಟುಕೊಂಡು ಕರ್ನಾಟಕದ ಜನಸಂಖ್ಯೆ ನಕ್ಷೆ ಮಾಡಿದಳು. ಜಾಸ್ತಿ ಜನ ಇರುವ ಜಿಲ್ಲೆಗೆ ಗಾಢ ಬಣ್ಣ, ಕಡಿಮೆ ಇರುವಲ್ಲಿ ತಿಳಿ ಬಣ್ಣ. ಉಪನ್ಯಾಸಕರು "ಹೀಗಲ್ಲ, ಸಾಂದ್ರತೆ ಹಾಕು" ಎಂದರು. ಹಾಕಿದಾಗ ನಮ್ಮ ಉತ್ತರ ಕನ್ನಡ ಪೂರ್ತಿ ಬಿಳಿಚಿಕೊಂಡಿತು. ಚದರ ಕಿಲೋಮೀಟರಿಗೆ 140 ಜನ ಅಂತೆ. ನಮ್ಮ ಕಡೆ ಹೆದ್ದಾರಿ ಬದಿಯಲ್ಲಿ ಮನೆಗೆ ಮನೆ ತಾಗಿಕೊಂಡಿದೆ, ಐದು ಗುಂಟೆ ಜಾಗ ಹುಡುಕಿದರೂ ಸಿಗುವುದಿಲ್ಲ. ಮೊನ್ನೆ ದೊಡ್ಡ ಆಸ್ಪತ್ರೆಯ ಮಾತು ಬಂದಾಗ ಪರಿಚಯದವರೊಬ್ಬರು ಇದೇ ಅಂಕಿ ಹೇಳಿ "ನಿಮ್ಮ ಜಿಲ್ಲೆಯಲ್ಲಿ ಜನ ಎಲ್ಲಿದ್ದಾರೆ?" ಎಂದರು. ಹಾಗಾದರೆ ನಕ್ಷೆ ಸುಳ್ಳಾ? ಇನ್ನೊಂದು ವಿಷಯ. ಪುಸ್ತಕದಲ್ಲಿ 1:10,000 ದೊಡ್ಡ ಸ್ಕೇಲ್, 1:10,00,000 ಸಣ್ಣ ಸ್ಕೇಲ್ ಎಂದಿದೆ. ಅಚ್ಚಿನ ತಪ್ಪಾ? ಎ-4 ನಕ್ಷೆಯನ್ನು ನಾನೇ ಎ-3 ಹಾಳೆಗೆ ದೊಡ್ಡದು ಮಾಡಿಕೊಟ್ಟಿದ್ದೇನೆ. ಸ್ಕೇಲ್ ಹಾಗೇ ಉಳಿಯುತ್ತದಾ?

ಉತ್ತರ:

ನಿಮ್ಮ ಮಗಳು ಲೆಕ್ಕದಲ್ಲಿ ತಪ್ಪಿಲ್ಲ. ಉಪನ್ಯಾಸಕರು ಹೇಳಿದ್ದೂ ಸರಿ. ನಿಮ್ಮ ಕಣ್ಣಿಗೆ ಕಾಣುವುದೂ ನಿಜ. ಮೂರೂ ಒಟ್ಟಿಗೆ ಹೇಗೆ ಸರಿ ಎಂಬುದೇ ನಿಮ್ಮನ್ನು ಕಾಡುತ್ತಿರುವುದು ಅಲ್ವಾ? ವರ್ಷಗಳಿಂದ ನಕ್ಷೆ ಕಲಿಸುತ್ತಾ, ಊರಿನ ಯೋಜನೆಗಳಿಗೆ ನಕ್ಷೆ ಮಾಡಿಕೊಡುತ್ತಾ ಬಂದಿದ್ದೇನೆ. ಈ ಗೊಂದಲ ವಿದ್ಯಾರ್ಥಿಗಳಿಗೆ ಮಾತ್ರ ಅಲ್ಲ, ಯೋಜನೆ ಬರೆಯುವವರಿಗೂ ಇರುತ್ತದೆ. ಅಲ್ಲಿ ಅದರ ಬೆಲೆ ಜಾಸ್ತಿ.

ಮೊದಲ ನಕ್ಷೆಯಿಂದ ಶುರು ಮಾಡೋಣ. ಜಿಲ್ಲೆಗಳಿಗೆ ತಿಳಿ, ಗಾಢ ಛಾಯೆ ತುಂಬುವ ನಕ್ಷೆಯನ್ನು ಕೋರೊಪ್ಲೆತ್ ನಕ್ಷೆ ಎನ್ನುತ್ತಾರೆ. ನಾವು ಇಲ್ಲಿ ಛಾಯಾ ನಕ್ಷೆ ಎಂದರೆ ಸಾಕು. ಇದರಲ್ಲಿ ಕಣ್ಣು ಬಣ್ಣವನ್ನಷ್ಟೇ ನೋಡುವುದಿಲ್ಲ, ಬಣ್ಣ ಎಷ್ಟು ಜಾಗ ಹಿಡಿದಿದೆ ಎಂಬುದನ್ನೂ ಸೇರಿಸಿಕೊಂಡು ನೋಡುತ್ತದೆ. 2011ರಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಸುಮಾರು 48 ಲಕ್ಷ ಜನ, ವಿಸ್ತೀರ್ಣ 13,400 ಚದರ ಕಿ.ಮೀ. ಆಸುಪಾಸು. ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನ, ವಿಸ್ತೀರ್ಣ 2,200 ಚದರ ಕಿ.ಮೀ. ಮಾತ್ರ. ಒಟ್ಟು ಜನರ ಲೆಕ್ಕದಲ್ಲಿ ಬಣ್ಣ ತುಂಬಿದರೆ ಬೆಳಗಾವಿ ಮೇಲ್ಗಡೆ ಒಂದು ದೊಡ್ಡ ಗಾಢ ತುಂಡಾಗಿ ನಿಲ್ಲುತ್ತದೆ, ಬೆಂಗಳೂರು ಮೂಲೆಯಲ್ಲಿ ಒಂದು ಚುಕ್ಕೆ. ನೋಡುವವರಿಗೆ ಜನ ಎಲ್ಲ ಬೆಳಗಾವಿಯಲ್ಲೇ ಇದ್ದಾರೆ ಅನ್ನಿಸುತ್ತದೆ. ಅದಕ್ಕೇ ಛಾಯಾ ನಕ್ಷೆಗೆ ಒಟ್ಟು ಸಂಖ್ಯೆ ಹಾಕಬಾರದು. ಚದರ ಕಿ.ಮೀ.ಗೆ ಎಷ್ಟು, ನೂರಕ್ಕೆ ಎಷ್ಟು, ಸಾವಿರ ಗಂಡಸರಿಗೆ ಎಷ್ಟು ಹೆಂಗಸರು, ಹೀಗೆ ಭಾಗಿಸಿದ ಅಂಕಿ ಹಾಕಬೇಕು. ಒಟ್ಟು ಸಂಖ್ಯೆಯನ್ನೇ ತೋರಿಸಬೇಕಿದ್ದರೆ ಪ್ರತಿ ಜಿಲ್ಲೆಯ ಮೇಲೆ ವೃತ್ತ ಬರೆಯಬಹುದು, ಜನ ಜಾಸ್ತಿ ಇದ್ದಲ್ಲಿ ದೊಡ್ಡ ವೃತ್ತ. ಮಗಳ ಅಂಕಿ ತಪ್ಪಾಗಿರಲಿಲ್ಲ. ಅದನ್ನು ತೋರಿಸಲು ಆರಿಸಿದ ನಕ್ಷೆಯ ಬಗೆ ಬೇರೆ ಇರಬೇಕಿತ್ತು, ಅಷ್ಟೇ.

ಈಗ ಆ 140ಕ್ಕೆ ಬರೋಣ. ಲೆಕ್ಕ ಸರಳ. 2011ರ ಜನಸಂಖ್ಯೆ 14,37,169. ವಿಸ್ತೀರ್ಣ 10,291 ಚದರ ಕಿ.ಮೀ. ಭಾಗಿಸಿದರೆ 140 ಬರುತ್ತದೆ. ಇದಕ್ಕೆ ಗಣಿತೀಯ ಸಾಂದ್ರತೆ ಎನ್ನುತ್ತಾರೆ. ರಾಜ್ಯದ ಸರಾಸರಿ 319. ಕೊಡಗಿನ 135 ಬಿಟ್ಟರೆ ಅತಿ ಕಡಿಮೆ ನಿಮ್ಮ ಜಿಲ್ಲೆಯದೇ. ಇಷ್ಟೂ ಸತ್ಯ. ಇದನ್ನು ಕೇಳಿದವರು "ಅಲ್ಲಿ ಜನ ವಿರಳವಾಗಿ, ದೂರ ದೂರ ಇದ್ದಾರೆ" ಎಂದುಕೊಂಡರೆ ಮಾತ್ರ ಎಡವಿದಂತೆ. ಈ ಅಂಕಿ ಹಾಗೆ ಹೇಳುವುದೇ ಇಲ್ಲ. ಜನರನ್ನೆಲ್ಲ ಜಿಲ್ಲೆಯ ತುಂಬ ಸಮನಾಗಿ ಹರಡಿದ್ದರೆ ಎಷ್ಟಿರುತ್ತಿತ್ತು ಎಂದು ಹೇಳುತ್ತದೆ. ಹಾಗೆ ಯಾರೂ ಹರಡಿಕೊಂಡಿಲ್ಲ. ದಾಖಲೆಯ ಪ್ರಕಾರ ನಿಮ್ಮ ಜಿಲ್ಲೆಯ ಸುಮಾರು ಶೇ. 80 ಭಾಗ ಅರಣ್ಯ. ಆ ಭಾಗವನ್ನು ಕಳೆದು ಉಳಿದ 2,060 ಚದರ ಕಿ.ಮೀ.ಗೆ ಅದೇ 14.37 ಲಕ್ಷ ಜನರನ್ನು ಹಂಚಿ ನೋಡಿ. ಚದರ ಕಿ.ಮೀ.ಗೆ 700ರ ಹತ್ತಿರ ಬರುತ್ತದೆ. ಐದು ಪಟ್ಟು! ಅರಣ್ಯ ಎಂದು ದಾಖಲಾದ ಜಾಗದಲ್ಲೂ ಜನ ಇದ್ದಾರೆ, ಹಾಗಾಗಿ ಇದು ಪಕ್ಕಾ ಲೆಕ್ಕವಲ್ಲ, ಅಂದಾಜು. ಆದರೂ ಐದು ಗುಂಟೆ ಜಾಗ ಯಾಕೆ ಸಿಗುತ್ತಿಲ್ಲ ಎಂಬುದು ಇಲ್ಲಿ ಗೊತ್ತಾಗುತ್ತದೆ.

ತರಗತಿಗಳಲ್ಲಿ ಇದಕ್ಕೆ ಈಜಿಪ್ಟಿನ ಉದಾಹರಣೆ ಕೊಡುತ್ತಾರೆ. ಸುಮಾರು 10 ಲಕ್ಷ ಚದರ ಕಿ.ಮೀ. ದೇಶ, 10 ಕೋಟಿ ದಾಟಿದ ಜನ. ಗಣಿತೀಯ ಸಾಂದ್ರತೆ ನೂರು ಚಿಲ್ಲರೆ. ಆದರೆ ಹೆಚ್ಚುಕಡಿಮೆ ಎಲ್ಲರೂ ನೈಲ್ ನದಿಯ ದಂಡೆ ಮತ್ತು ಮುಖಜ ಭೂಮಿಯ ಕಿರಿದಾದ ಪಟ್ಟಿಯಲ್ಲಿದ್ದಾರೆ, ಉಳಿದದ್ದು ಮರುಭೂಮಿ. ಅದಕ್ಕೇ ಸಾಗುವಳಿ ಭೂಮಿಗೆ ಭಾಗಿಸುವ ಇನ್ನೊಂದು ಲೆಕ್ಕ ಇದೆ, ಅದನ್ನು ಕಾಯಿಕ ಸಾಂದ್ರತೆ ಎನ್ನುತ್ತಾರೆ. ರೈತರನ್ನಷ್ಟೇ ತೆಗೆದುಕೊಂಡು ಸಾಗುವಳಿ ಭೂಮಿಗೆ ಭಾಗಿಸಿದರೆ ಕೃಷಿ ಸಾಂದ್ರತೆ. ಪರೀಕ್ಷೆಗೆ ಈ ಮೂರು ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಒಂದೇ ಜಿಲ್ಲೆಗೆ ಮೂರನ್ನೂ ಲೆಕ್ಕ ಹಾಕಿ ಪಕ್ಕಪಕ್ಕ ಇಟ್ಟು ನೋಡುವವರು ಕಡಿಮೆ. ಅದನ್ನು ಮಾಡಿದರೆ ಬಾಯಿಪಾಠದ ಅಗತ್ಯವೇ ಬೀಳುವುದಿಲ್ಲ.

ಎರಡನೇ ಕಾರಣ ಗಡಿ. ಛಾಯಾ ನಕ್ಷೆಯಲ್ಲಿ ಬಣ್ಣ ಅಂಟಿರುವುದು ಗಡಿಯೊಳಗಿನ ಒಟ್ಟು ಪ್ರದೇಶಕ್ಕೆ, ಜನರಿಗಲ್ಲ. ನಿಮ್ಮ ಜಿಲ್ಲೆಯ ಒಂದೇ ತಿಳಿ ಬಣ್ಣದೊಳಗೆ ಭಟ್ಕಳವೂ ಇದೆ, ಜೋಯ್ಡಾವೂ ಇದೆ. ಭಟ್ಕಳ ತಾಲೂಕಿನಲ್ಲಿ ಸಾಂದ್ರತೆ 450 ದಾಟುತ್ತದೆ, ಅಂದರೆ ರಾಜ್ಯದ ಸರಾಸರಿಗಿಂತ ಬಹಳ ಜಾಸ್ತಿ. ಜೋಯ್ಡಾದಲ್ಲಿ 30 ಕೂಡ ಇಲ್ಲ. ಎರಡನ್ನೂ ಕಲಸಿದಾಗ ಬಂದ 140 ಈ ಎರಡು ತಾಲೂಕುಗಳಲ್ಲಿ ಒಂದರ ಬದುಕನ್ನೂ ಹೇಳುವುದಿಲ್ಲ. ಶಿರಸಿ ಪ್ರತ್ಯೇಕ ಜಿಲ್ಲೆಯಾಗಬೇಕು ಎಂಬ ಬೇಡಿಕೆ ನಿಮಗೆ ಗೊತ್ತೇ ಇದೆ. ನಾಳೆ ಘಟ್ಟದ ಮೇಲಿನ ತಾಲೂಕುಗಳು ಬೇರೆ ಜಿಲ್ಲೆಯಾದವು ಎಂದಿಟ್ಟುಕೊಳ್ಳಿ. ಒಬ್ಬರೂ ಮನೆ ಬದಲಿಸದೆ, ಒಂದು ಮಗುವೂ ಹೊಸದಾಗಿ ಹುಟ್ಟದೆ, ಕರಾವಳಿಯ ಭಾಗ ನಕ್ಷೆಯಲ್ಲಿ ಗಾಢವಾಗಿಬಿಡುತ್ತದೆ. ಗಡಿ ಬದಲಾದರೆ ಫಲಿತಾಂಶ ಬದಲಾಗುವ ಈ ಸಮಸ್ಯೆಯನ್ನು ಭೂಗೋಳದವರು 1930ರ ದಶಕದಿಂದಲೂ ಗಮನಿಸುತ್ತಾ ಬಂದಿದ್ದಾರೆ. ಇದಕ್ಕೆ ಪೂರ್ತಿ ಪರಿಹಾರ ಇಲ್ಲ. ಒಂದೇ ಮಾಹಿತಿಯನ್ನು ಎರಡು ಹಂತದಲ್ಲಿ, ಅಂದರೆ ಜಿಲ್ಲೆವಾರು ಮತ್ತು ತಾಲೂಕುವಾರು, ತೋರಿಸಿದರೆ ಓದುವವರಿಗೆ ಮೋಸ ಆಗುವುದಿಲ್ಲ.

ಮೂರನೆಯದನ್ನು ಯಾರೂ ಗಮನಿಸುವುದಿಲ್ಲ, ನನ್ನ ಪ್ರಕಾರ ಅತಿ ಹೆಚ್ಚು ನಕ್ಷೆಗಳು ಕೆಡುವುದು ಇಲ್ಲೇ. ಬಣ್ಣದ ವರ್ಗಗಳನ್ನು ಎಲ್ಲಿ ತುಂಡು ಮಾಡಿದಿರಿ? 2011ರಲ್ಲಿದ್ದ 30 ಜಿಲ್ಲೆಗಳಲ್ಲಿ ಅತಿ ಕಡಿಮೆ ಸಾಂದ್ರತೆ 135, ಅತಿ ಹೆಚ್ಚು ಬೆಂಗಳೂರು ನಗರದ 4,381. ಕಂಪ್ಯೂಟರಿಗೆ "ಸಮನಾದ ಐದು ವರ್ಗ ಮಾಡು" ಎಂದರೆ ಪ್ರತಿ ವರ್ಗ ಸುಮಾರು 850ರ ಅಂತರ. ಮೊದಲ ವರ್ಗ 135ರಿಂದ 984. ಬೆಂಗಳೂರು ನಗರ ಬಿಟ್ಟು ಉಳಿದ 29 ಜಿಲ್ಲೆಗಳೂ ಇದರೊಳಗೇ ಬಿದ್ದುಹೋಗುತ್ತವೆ! ಮಧ್ಯದ ಮೂರು ವರ್ಗ ಖಾಲಿ. ದಕ್ಷಿಣ ಕನ್ನಡಕ್ಕೂ ಕೊಡಗಿಗೂ ಒಂದೇ ಬಣ್ಣ. ಅದರ ಬದಲು ಪ್ರತಿ ವರ್ಗಕ್ಕೆ ಆರು ಜಿಲ್ಲೆ ಎಂದು ಹಂಚಿದರೆ ನಕ್ಷೆ ಚೆಂದ ಕಾಣುತ್ತದೆ, ಆದರೆ ಬೆಂಗಳೂರು ನಗರದ 4,381 ಮತ್ತು 400ರ ಆಸುಪಾಸಿನ ಜಿಲ್ಲೆಗಳು ಒಂದೇ ಗಾಢ ಬಣ್ಣಕ್ಕೆ ಬರುತ್ತವೆ. ಎರಡೂ ತಪ್ಪಲ್ಲ, ಎರಡಕ್ಕೂ ನಷ್ಟ ಇದೆ. ಅಂಕಿಗಳನ್ನು ಸಾಲಾಗಿ ಬರೆದು, ಎಲ್ಲಿ ದೊಡ್ಡ ಅಂತರ ಕಾಣುತ್ತದೋ ಅಲ್ಲಿ ತುಂಡು ಮಾಡುವುದು ನನಗೆ ಒಪ್ಪಿಗೆಯಾದ ದಾರಿ. ಬೆಂಗಳೂರಿಗೆ ಅದರದೇ ಒಂದು ವರ್ಗ ಕೊಟ್ಟುಬಿಡಲಿ. ಬಣ್ಣ ಒಂದೇ ಇರಲಿ, ತಿಳಿಯಿಂದ ಗಾಢಕ್ಕೆ ಹೋಗಲಿ. ಕೆಂಪು, ಹಸಿರು ಬೆರೆಸಿದರೆ ಕಪ್ಪು-ಬಿಳುಪು ಪ್ರತಿ ತೆಗೆದಾಗ ಎರಡೂ ಒಂದೇ ಬೂದಿ ಬಣ್ಣ ಆಗುವುದನ್ನು ನೀವೇ ದಿನಾ ನೋಡುತ್ತೀರಿ.

ಇನ್ನು ಸ್ಕೇಲ್. ಅಚ್ಚಿನ ತಪ್ಪಲ್ಲ. 1:10,000 ಎಂದರೆ ನೆಲದ ಅಳತೆಯ ಹತ್ತು ಸಾವಿರದ ಒಂದು ಭಾಗ. 1:10,00,000 ಎಂದರೆ ಹತ್ತು ಲಕ್ಷದ ಒಂದು ಭಾಗ. ಭಿನ್ನರಾಶಿಯಾಗಿ ನೋಡಿ, ಯಾವುದು ದೊಡ್ಡದು? ಮೊದಲನೆಯದು. ದೊಡ್ಡ ಸ್ಕೇಲಿನ ನಕ್ಷೆಯಲ್ಲಿ ಸ್ವಲ್ಪ ಜಾಗ, ಜಾಸ್ತಿ ವಿವರ. ಸಣ್ಣ ಸ್ಕೇಲಿನಲ್ಲಿ ಜಾಸ್ತಿ ಜಾಗ, ಸ್ವಲ್ಪ ವಿವರ. ಸರ್ವೆ ನಂಬರ್ ತೋರಿಸುವ ಹಳೆಯ ಗ್ರಾಮನಕ್ಷೆಗಳಲ್ಲಿ 1:7,920 ಸಾಮಾನ್ಯ. ಒಂದು ಇಂಚಿಗೆ ಹತ್ತು ಚೈನು, ಅಂದರೆ 660 ಅಡಿ. ಅದರಲ್ಲಿ ಹೊಲದ ಬದುವೂ ಸಿಗುತ್ತದೆ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ 2 ಸೆಂ.ಮೀ.ಗೆ 1 ಕಿ.ಮೀ. ಊರು, ಹಳ್ಳ, ಗುಡ್ಡ, ದೇವಸ್ಥಾನ ಕಾಣುತ್ತವೆ, ಬದು ಕಾಣುವುದಿಲ್ಲ. ಕರ್ನಾಟಕವನ್ನು ಎ-4 ಹಾಳೆಯಲ್ಲಿ ಕೂರಿಸಲು ಸುಮಾರು 1:30,00,000 ಬೇಕು. ಅಲ್ಲಿ 1 ಮಿ.ಮೀ. ಎಂದರೆ 3 ಕಿ.ಮೀ. ಸಮುದ್ರಕ್ಕೂ ಘಟ್ಟಕ್ಕೂ ನಡುವಿನ ಹತ್ತು ಕಿ.ಮೀ. ಅಗಲದ ಪಟ್ಟಿ ಆ ಹಾಳೆಯಲ್ಲಿ ಮೂರು ಮಿ.ಮೀ. ಚಿಲ್ಲರೆ. ನಿಮ್ಮ ಹೊನ್ನಾವರ, ಕುಮಟಾ, ಭಟ್ಕಳದ ಜನಜಂಗುಳಿಯೆಲ್ಲ ಆ ಮೂರು ಮಿ.ಮೀ.ಯಲ್ಲಿದೆ. ಸಾಂದ್ರತೆಯ ಪ್ರಶ್ನೆಯೂ ಸ್ಕೇಲಿನ ಪ್ರಶ್ನೆಯೂ ಕೂಡುವುದು ಇಲ್ಲೇ.

ಎ-4ನಿಂದ ಎ-3ಕ್ಕೆ ದೊಡ್ಡದು ಮಾಡಿದಾಗ ಉದ್ದ ಅಗಲ ಎರಡೂ 1.41 ಪಟ್ಟು ಹಿಗ್ಗುತ್ತವೆ. ಹಾಗಾಗಿ 1:30,00,000 ಎಂದು ಬರೆದದ್ದು ಈಗ ಸುಳ್ಳು. ನಿಜವಾದದ್ದು ಸುಮಾರು 1:21,20,000. ಆದರೆ ನಕ್ಷೆಯ ಕೆಳಗೆ ಗೆರೆ ಎಳೆದು 0, 50, 100 ಕಿ.ಮೀ. ಎಂದು ಗುರುತಿಸಿದ್ದರೆ ಆ ಗೆರೆಯೂ ನಕ್ಷೆಯ ಜೊತೆಗೇ ಹಿಗ್ಗಿರುತ್ತದೆ, ಲೆಕ್ಕ ಕೆಡುವುದಿಲ್ಲ. ಅಂಕಿಯ ಸ್ಕೇಲನ್ನು ಅಳಿಸಿ ಗೆರೆಯ ಸ್ಕೇಲ್ ಹಾಕಿಸಿ. ಮತ್ತೆ, ದೊಡ್ಡದು ಮಾಡಿದ ಮಾತ್ರಕ್ಕೆ ಹೊಸ ವಿವರ ಹುಟ್ಟುವುದಿಲ್ಲ. ಗೆರೆ ದಪ್ಪಗಾಗುತ್ತದೆ, ಅಷ್ಟೇ.

ಮಗಳು ಪ್ರಪಂಚದ ನಕ್ಷೆಯನ್ನೂ ಅಂಟಿಸುವುದಿದ್ದರೆ ಪ್ರಕ್ಷೇಪದ ಬಗ್ಗೆ, ಅಂದರೆ ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ವಿಧಾನದ ಬಗ್ಗೆ, ಒಂದು ಮಾತು. 1569ರಲ್ಲಿ ಮರ್ಕೇಟರ್ ಮಾಡಿದ ಪ್ರಕ್ಷೇಪದಲ್ಲಿ ಗ್ರೀನ್‌ಲ್ಯಾಂಡ್ ಭಾರತಕ್ಕಿಂತ ಎಷ್ಟೋ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಅದು 21.7 ಲಕ್ಷ ಚದರ ಕಿ.ಮೀ., ಭಾರತ 32.9 ಲಕ್ಷ. ಅದನ್ನು ಹಡಗಿನವರ ದಿಕ್ಕಿಗಾಗಿ ಮಾಡಿದ್ದು, ದಿಕ್ಕು ಸರಿಯಾಗಿ ಸಿಗುತ್ತದೆ, ವಿಸ್ತೀರ್ಣ ಕೆಡುತ್ತದೆ. ಸಾಂದ್ರತೆ ತೋರಿಸುವಾಗ ವಿಸ್ತೀರ್ಣ ಕೆಡದ ಸಮಕ್ಷೇತ್ರ ಪ್ರಕ್ಷೇಪ ಬೇಕು. ಕರ್ನಾಟಕದಷ್ಟು ಜಾಗಕ್ಕೆ ಈ ತಲೆನೋವು ಇಲ್ಲ.

ಛಾಯಾ ನಕ್ಷೆ ಬೇಡ ಎಂದರೆ ಬೇರೆ ದಾರಿಗಳೂ ಇವೆ. ಒಂದು, ಚುಕ್ಕಿ ನಕ್ಷೆ. 1854ರಲ್ಲಿ ಲಂಡನ್ನಿನ ಸೋಹೊದಲ್ಲಿ ಕಾಲರಾ ಬಂದಾಗ ವೈದ್ಯ ಜಾನ್ ಸ್ನೋ ಸಾವು ಆದ ಮನೆಗಳನ್ನು ನಕ್ಷೆಯ ಮೇಲೆ ಒಂದೊಂದಾಗಿ ಗುರುತಿಸಿದರು. ಅವೆಲ್ಲ ಬ್ರಾಡ್ ಸ್ಟ್ರೀಟಿನ ಒಂದು ನೀರಿನ ಪಂಪಿನ ಸುತ್ತ ಗುಂಪಾಗಿದ್ದವು. ವಾರ್ಡುವಾರು ಸರಾಸರಿ ತೆಗೆದು ಬಣ್ಣ ತುಂಬಿದ್ದರೆ ಆ ಪಂಪು ಕಾಣುತ್ತಲೇ ಇರಲಿಲ್ಲ. ಮಗಳು ಒಂದು ಚುಕ್ಕಿಗೆ ಸಾವಿರ ಜನ ಎಂದಿಟ್ಟರೆ ಜಿಲ್ಲೆಗೆ 1,437 ಚುಕ್ಕಿ ಬೇಕು. ಆದರೆ ಅವನ್ನು ಎಲ್ಲಿ ಇಡುವುದು? ಕಂಪ್ಯೂಟರ್ ಕೈಗೆ ಬಿಟ್ಟರೆ ಸೂಪಾ ಅಣೆಕಟ್ಟಿನ ಹಿನ್ನೀರಿನ ಮೇಲೂ ಇಟ್ಟುಬಿಡುತ್ತದೆ. ನೋಡುವವರು ಅಲ್ಲಿ ಊರಿದೆ ಎಂದೇ ತಿಳಿಯುತ್ತಾರೆ. ಪಟ್ಟಣ, ಹಳ್ಳಿಗಳ ಜನಸಂಖ್ಯೆ ನೋಡಿಕೊಂಡು ಕೈಯಲ್ಲೇ ಇಡಬೇಕು. ಅಷ್ಟು ವ್ಯವಧಾನ ಇದ್ದರೆ ಮಾತ್ರ ಈ ದಾರಿ.

ಇನ್ನೊಂದು, ಕಾಡು, ನೀರು ತೆಗೆದು ಜನ ಇರುವ ಜಾಗಕ್ಕಷ್ಟೇ ಬಣ್ಣ ತುಂಬುವುದು. ಮೇಲೆ ನಾವು ಮಾಡಿದ 700ರ ಲೆಕ್ಕವೇ ನಕ್ಷೆಯಾದಂತೆ. ಕರಾವಳಿಯ ಪಟ್ಟಿ ಚೆನ್ನಾಗಿ ಕಾಣುತ್ತದೆ. ಆದರೆ ಇಲ್ಲಿರುವ ಅಪಾಯ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುತ್ತದೆ. ಕಾಡು ಎಂದು ಅಳಿಸಿದ ಜಾಗದಲ್ಲಿ ಸಿದ್ದಿ, ಕುಣಬಿ, ಗೌಳಿ ಸಮುದಾಯದವರು ಇದ್ದಾರೆ. ನಾಲ್ಕು ಮನೆ, ಎಂಟು ಮನೆಯ ಊರುಗಳು. ನಕ್ಷೆಯಲ್ಲಿ ಜಾಗ ಖಾಲಿ ಎಂದು ಕಂಡರೆ ಅಲ್ಲಿ ಏನು ಬೇಕಾದರೂ ಕಟ್ಟಬಹುದು ಅನ್ನಿಸಿಬಿಡುತ್ತದೆ. ಕಾಳಿ ನದಿಗೆ ಅಣೆಕಟ್ಟು ಬಂದಾಗ ಹಳೆಯ ಸೂಪಾ ಪೇಟೆಯೇ ಮುಳುಗಿತು, ತಾಲೂಕು ಕೇಂದ್ರ ಜೋಯ್ಡಾಕ್ಕೆ ಹೋಯಿತು. ಸಾಂದ್ರತೆ 30ಕ್ಕಿಂತ ಕಡಿಮೆ ಎಂದರೆ ಜನ ಇಲ್ಲ ಎಂದಲ್ಲ. ಈ ಬಗೆಯ ನಕ್ಷೆ ಮಾಡಿದರೆ "ಬಣ್ಣ ಇಲ್ಲದ ಜಾಗದಲ್ಲೂ ಜನವಸತಿ ಇದೆ" ಎಂದು ಅಡಿಯಲ್ಲಿ ಬರೆಯಲೇಬೇಕು.

ಇದೇ ಧಾಟಿಯಲ್ಲಿ ಇನ್ನೊಂದು ಎಚ್ಚರಿಕೆ. ಪ್ರದೇಶದ ಅಂಕಿಯಿಂದ ವ್ಯಕ್ತಿಯ ಬಗ್ಗೆ ತೀರ್ಮಾನಕ್ಕೆ ಬರಬಾರದು. 1950ರಲ್ಲಿ ಸಮಾಜಶಾಸ್ತ್ರಜ್ಞ ಡಬ್ಲ್ಯು. ಎಸ್. ರಾಬಿನ್ಸನ್ ಅಮೆರಿಕದ 1930ರ ಜನಗಣತಿ ಹಿಡಿದು ಇದನ್ನು ತೋರಿಸಿದರು. ವಲಸಿಗರು ಜಾಸ್ತಿ ಇರುವ ರಾಜ್ಯಗಳಲ್ಲಿ ಅನಕ್ಷರತೆ ಕಡಿಮೆ ಇತ್ತು. ಹಾಗೆಂದು ವಲಸಿಗರೇ ಹೆಚ್ಚು ಓದಿದವರಾ? ಇಲ್ಲ, ಒಬ್ಬೊಬ್ಬರ ಲೆಕ್ಕ ತೆಗೆದರೆ ಅವರಲ್ಲೇ ಅನಕ್ಷರತೆ ಸ್ವಲ್ಪ ಜಾಸ್ತಿ. ಅಕ್ಷರಸ್ಥರು ಹೆಚ್ಚಿದ್ದ ರಾಜ್ಯಗಳಿಗೇ ಅವರು ಹೋಗಿ ನೆಲೆಸಿದ್ದರು. ನಮ್ಮ ಉಡುಪಿಯನ್ನೇ ನೋಡಿ. 2011ರಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು, ರಾಜ್ಯದಲ್ಲೇ ಹೆಚ್ಚು. ಅಲ್ಲಿ ಹೆಣ್ಣುಮಕ್ಕಳೇ ಜಾಸ್ತಿ ಹುಟ್ಟುತ್ತಾರೆ ಎಂದು ಅನೇಕರು ಬರೆಯುತ್ತಾರೆ. ಆರು ವರ್ಷದೊಳಗಿನ ಮಕ್ಕಳಲ್ಲಿ ಈ ಅನುಪಾತ ಅಲ್ಲೂ ಸಾವಿರಕ್ಕಿಂತ ಕಡಿಮೆಯೇ. ದುಡಿಯುವ ಗಂಡಸರು ಮುಂಬೈಗೆ, ಬೆಂಗಳೂರಿಗೆ, ಗಲ್ಫಿಗೆ ಹೋಗಿರುವುದು ಇದಕ್ಕೆ ದೊಡ್ಡ ಕಾರಣ. ಅಂಥವರು ಬಂದು ಸೇರುವ ಬೆಂಗಳೂರು ನಗರದಲ್ಲಿ ಅದು 916.

ಆಸ್ಪತ್ರೆಯ ಮಾತಿಗೆ ಬರುತ್ತೇನೆ, ಯಾಕೆಂದರೆ ನಿಮಗೆ ನಿಜವಾಗಿ ನೋವಾದದ್ದು ಅಲ್ಲಿ. ಸಾಂದ್ರತೆಯ ಅಂಕಿ ಆ ಪ್ರಶ್ನೆಗೆ ಉತ್ತರವೇ ಅಲ್ಲ. 1933ರಲ್ಲಿ ಭೂಗೋಳಜ್ಞ ವಾಲ್ಟರ್ ಕ್ರಿಸ್ಟಾಲರ್ ದಕ್ಷಿಣ ಜರ್ಮನಿಯ ಪಟ್ಟಣಗಳನ್ನು ಅಧ್ಯಯನ ಮಾಡಿ ಎರಡು ವಿಷಯ ಹೇಳಿದರು. ಒಂದು ಸೇವೆ ನಡೆಯಲು ಕನಿಷ್ಠ ಇಷ್ಟು ಜನ ಬೇಕು. ಆ ಸೇವೆಗಾಗಿ ಜನ ಗರಿಷ್ಠ ಇಷ್ಟು ದೂರ ಹೋಗುತ್ತಾರೆ. ನಿಮ್ಮ ಜಿಲ್ಲೆಯಲ್ಲಿ 14 ಲಕ್ಷ ಜನ ಇದ್ದಾರೆ. ತೊಡಕು ಇರುವುದು ದೂರದಲ್ಲಿ. ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳದವರು ಮಣಿಪಾಲ, ಮಂಗಳೂರಿಗೆ ಓಡುತ್ತಾರೆ. ಹೀಗೆ ಜನರ ಓಡಾಟದಿಂದ ಆಗುವ ಪ್ರದೇಶವನ್ನು ಕಾರ್ಯಾತ್ಮಕ ಪ್ರದೇಶ ಎನ್ನುತ್ತಾರೆ. ಕಾಗದದಲ್ಲಿ ಒಂದೇ ಜಿಲ್ಲೆ, ಕಾಯಿಲೆ ಬಂದಾಗ ಮೂರು ದಿಕ್ಕು.

ಇದಕ್ಕೆ ಬೇಕಾದದ್ದು ಸಮಯದ ನಕ್ಷೆ. ಆಸ್ಪತ್ರೆಯಿಂದ ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆಯಲ್ಲಿ ಎಲ್ಲಿಯವರೆಗೆ ಮುಟ್ಟಬಹುದು ಎಂದು ಗೆರೆ ಎಳೆಯುವುದು. ಸುಮ್ನೆ ಕೈವಾರ ಇಟ್ಟು 30 ಕಿ.ಮೀ. ವೃತ್ತ ಬರೆದರೆ ಆಗುವುದಿಲ್ಲ. ತದಡಿ ಮತ್ತು ಅಘನಾಶಿನಿ ಊರುಗಳನ್ನು ನೋಡಿ. ಹೊಳೆಯ ಆಚೆ ಈಚೆ, ಕಣ್ಣಿಗೆ ಕಾಣುವಷ್ಟು ಹತ್ತಿರ. ಬಾರ್ಜ್ ಸಿಗದಿದ್ದರೆ ರಸ್ತೆಯಲ್ಲಿ ಎಷ್ಟೋ ಸುತ್ತು. ದೇವಿಮನೆ ಘಟ್ಟ, ಅರಬೈಲ್ ಘಟ್ಟದ ದಾರಿ ಮಳೆಗಾಲದಲ್ಲಿ ಬೇಸಿಗೆಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಹಾಗಾಗಿ ಈ ನಕ್ಷೆಗೂ ತಿಂಗಳು ಬರೆಯಬೇಕು, ಇಲ್ಲದಿದ್ದರೆ ಜನವರಿಯ ನಕ್ಷೆ ತೋರಿಸಿ ಜುಲೈ ತಿಂಗಳ ತೀರ್ಮಾನ ತೆಗೆದುಕೊಳ್ಳುತ್ತಾರೆ. ನಿಮ್ಮ ಪರಿಚಯದವರು ಮತ್ತೆ 140 ಎಂದರೆ ಅಲ್ಲಗಳೆಯಬೇಡಿ. ಅಂಕಿ ಸರಿ ಎಂದೇ ಹೇಳಿ, ಆಮೇಲೆ ನಿಮ್ಮ ಮನೆಯಿಂದ ಹೃದ್ರೋಗದ ಡಾಕ್ಟರ್ ಇರುವ ಜಾಗಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳಿ. ಜನ ಚದುರಿರುವ ಕಡೆ ಸೇವೆ ಹತ್ತಿರ ತರುವುದು ಇನ್ನೂ ಕಷ್ಟ, ಅಗತ್ಯ ಕಡಿಮೆಯಾಗುವುದಿಲ್ಲ.

ಪ್ರಾಜೆಕ್ಟಿಗೆ ಏನು ಮಾಡಬಹುದು? ಸಮಯ ಕಡಿಮೆ ಇದ್ದರೆ ಜಿಲ್ಲೆವಾರು ಸಾಂದ್ರತೆಯ ನಕ್ಷೆಯನ್ನೇ ಇಟ್ಟುಕೊಂಡು, ಪಕ್ಕದಲ್ಲಿ ಉತ್ತರ ಕನ್ನಡದ ತಾಲೂಕುವಾರು ನಕ್ಷೆಯೊಂದನ್ನು ಸೇರಿಸಲಿ. ನನಗೆ ಇದು ಚುಕ್ಕಿ ನಕ್ಷೆಗಿಂತ ಒಳ್ಳೆಯ ಆಯ್ಕೆ ಅನ್ನಿಸುತ್ತದೆ, ಕೆಲಸ ಹಿಡಿತದಲ್ಲಿರುತ್ತದೆ. ಕಾಡಿನ ಗಡಿಯನ್ನು ತೆಳುವಾದ ಅಡ್ಡಗೆರೆಗಳಲ್ಲಿ ಮೇಲೆ ತೋರಿಸಿದರೆ ಕಾರಣವೂ ತಾನೇ ಕಾಣುತ್ತದೆ. ಎರಡಕ್ಕೂ ಬಣ್ಣದ ವರ್ಗಗಳು ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಸಲು ಬರುವುದಿಲ್ಲ. ತಾಲೂಕು, ಹಳ್ಳಿಗಳ ಅಂಕಿಗಳು ಜನಗಣತಿ ಇಲಾಖೆಯ ಜಿಲ್ಲಾ ಕೈಪಿಡಿಯಲ್ಲಿ ಸಿಗುತ್ತವೆ. ಶೀರ್ಷಿಕೆಯಲ್ಲಿ 2011 ಎಂದು ಇರಲಿ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ, ಹೊಸದಕ್ಕೆ ಗೊತ್ತು ಮಾಡಿರುವ ದಿನ 2027ರ ಮಾರ್ಚ್ 1. ಗಡಿಗಳೂ 2011ರವೇ ಆಗಿರಲಿ. ಆಗ ನಿಮ್ಮ ಜಿಲ್ಲೆಯಲ್ಲಿ 11 ತಾಲೂಕು ಇದ್ದವು, ದಾಂಡೇಲಿ ಇನ್ನೂ ಹಳಿಯಾಳದೊಳಗೇ ಇತ್ತು. ವಿಜಯನಗರ ಜಿಲ್ಲೆ ಆದದ್ದೂ 2021ರಲ್ಲಿ, ಅದನ್ನು ಬಳ್ಳಾರಿಯ ಜೊತೆಗೇ ಸೇರಿಸಿ ಬಣ್ಣ ತುಂಬಬೇಕು, ಹರಪನಹಳ್ಳಿ ತಾಲೂಕು ಮಾತ್ರ ಆಗ ದಾವಣಗೆರೆಯಲ್ಲಿತ್ತು.